ವಾಟರ್‌ಮಾರ್ಕ್, ಚಿಕ್ಕ ಸೈಜು, ಆರ್ಡರ್ ಫಾರಂ: ಮೂರನ್ನೂ ಮಾಡಿ ನೋಡಿದ್ದು

ಹಾಸನದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ, ಇವೇ ಕೆಲಸ. ಮೂರು ವರ್ಷದ ಹಿಂದೆ ನಾನು ತೆಗೆದ ಮದುಮಗಳ ಫೋಟೋ ಒಂದು ಒಡವೆ ಅಂಗಡಿಯ ಫ್ಲೆಕ್ಸಿನಲ್ಲಿ ಹತ್ತಡಿ ಎತ್ತರಕ್ಕೆ ನಿಂತಿತ್ತು. ಹೋಗಿ ಕೇಳಿದರೆ ‘ಪಾರ್ಟಿಯವರೇ ವಾಟ್ಸ್ಆ್ಯಪ್ ಮಾಡಿದ್ದು’ ಅಂದರು. ಫೋಟೋ ಕಾಪಾಡಿಕೊಳ್ಳುವ ದಾರಿ ಹುಡುಕಲು ಶುರುಮಾಡಿದ್ದು ಅವತ್ತಿನಿಂದ.

ಮೊದಲು ಹಿಡಿದದ್ದು ವಾಟರ್‌ಮಾರ್ಕ್, ಅಂದರೆ ಫೋಟೋ ಮೇಲೇ ಸ್ಟುಡಿಯೋ ಹೆಸರು. ಮೂಲೆಯಲ್ಲಿ ಹಾಕಿದರೆ ಕ್ರಾಪ್ ಮಾಡುತ್ತಾರೆ, ನಡುವೆ ಹಾಕಿದರೆ ದುಡ್ಡು ಕೊಟ್ಟವರೇ ಬೈಯುತ್ತಾರೆ. ‘ನಮ್ಮ ಮಗಳ ಮುಖದ ಮೇಲೆ ನಿಮ್ಮ ಅಂಗಡಿ ಬೋರ್ಡು ಯಾಕ್ರೀ?’ ಅಂತ ಒಬ್ಬರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಇನ್ನೊಂದು ಮನೆಯಲ್ಲಿ ಹುಡುಗಿಯ ತಮ್ಮ ನನ್ನೆದುರೇ ಮೊಬೈಲ್ ತೆಗೆದು ಹೆಸರಿನ ಮೇಲೆ ಬೆರಳಾಡಿಸಿದ. ಸೀರೆಯ ಜರಿಯಂಚು ತುಸು ಕಲಸಿದಂತಾಯಿತು, ನನ್ನ ಹೆಸರು ಮಾಯ. ‘ನೋಡಿ ಅಣ್ಣಾ, ಎಷ್ಟು ಸಲೀಸು’ ಅಂತ ನನಗೇ ತೋರಿಸಿದ. ಈಗ ವಾಟರ್‌ಮಾರ್ಕ್ ಹಾಕುವುದು ಮನೆಯವರು ಆಲ್ಬಂಗೆ ಆರಿಸಲಿ ಅಂತ ಕಳಿಸುವ ಫೋಟೋಗಳಿಗೆ ಮಾತ್ರ.

ಆಮೇಲೆ ಚಿಕ್ಕ ಸೈಜು. ಬ್ಯಾಲೆನ್ಸ್ ಕೈಗೆ ಬರುವವರೆಗೆ ಉದ್ದದ ಬದಿ 2048 ಪಿಕ್ಸೆಲ್‌ಗಿಂತ ದೊಡ್ಡದು ಕೊಡುವುದಿಲ್ಲ. ಮೊಬೈಲ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಪ್ರಿಂಟ್ ಹಾಕಿದರೆ ಏಳಿಂಚೂ ದಾಟುವುದಿಲ್ಲ. 12x36 ಇಂಚಿನ ಆಲ್ಬಂ ಶೀಟಿನ ಉದ್ದಕ್ಕೆ ಅದೇ ಲೆಕ್ಕದಲ್ಲಿ 10,800 ಪಿಕ್ಸೆಲ್ ಬೇಕು. ಹಾಗಾಗಿ ಬೇರೆ ಕಡೆ ಆಲ್ಬಂ ಮಾಡಿಸಿಕೊಂಡು ನನ್ನ ಬಾಕಿ ಮರೆಯುವವರು ಕಡಿಮೆಯಾದರು. ವಸೂಲಿಗೆ ಇದರಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಆದರೆ ನನ್ನ ಮೂಲ ಸಂಕಟಕ್ಕೆ ಇದು ಮದ್ದಲ್ಲ. ಫ್ಲೆಕ್ಸನ್ನು ರಸ್ತೆಯ ಆಚೆಯಿಂದ ನೋಡುತ್ತಾರೆ, ಹತ್ತಿರ ನಿಂತು ಯಾರೂ ಪಿಕ್ಸೆಲ್ ಎಣಿಸುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದ ಫೋಟೋವೇ ಆ ಹತ್ತಡಿಗೆ ಸಾಕಾಗಿತ್ತಲ್ಲ!

ಫೈಲಿನೊಳಗೆ ಹೆಸರು ಬರೆಯುವುದನ್ನೂ ಮಾಡಿದ್ದೇನೆ. ಕ್ಯಾಮೆರಾ ಮೆನುವಿನಲ್ಲೇ ಕಾಪಿರೈಟ್ ಹೆಸರು ತುಂಬಿಸುವ ಜಾಗವಿದೆ, ಒಮ್ಮೆ ತುಂಬಿಸಿದರೆ ಮುಗಿಯಿತು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿ ನೋಡಿದೆ, ಹೆಸರು ಅಳಿಸಿಹೋಗಿತ್ತು. ಅದೇ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿದಾಗ ಉಳಿದಿತ್ತು. ಬಿಟ್ಟಿ ಸಿಗುವ ಗುರುತು, ಇರಲಿ ಅಂತ ಇಟ್ಟುಕೊಂಡಿದ್ದೇನೆ. ಇಂಥ ಹಕ್ಕಿನ ಮಾಹಿತಿಯನ್ನು ಬೇಕೆಂದೇ ಅಳಿಸಿದವರಿಗೆ ಎರಡು ವರ್ಷದವರೆಗೆ ಜೈಲು ಅಂತ ಕಾಪಿರೈಟ್ ಕಾಯ್ದೆಯ 65ಬಿ ಸೆಕ್ಷನ್ ಹೇಳುತ್ತದೆ, 2012ರ ತಿದ್ದುಪಡಿಯಲ್ಲಿ ಸೇರಿದ್ದು. ಹಾಗಂತ ಜರಿಯಂಚು ಕಲಸಿದ ಆ ಹುಡುಗನ ಮೇಲೆ ಕೇಸ್ ಹಾಕಲಾ?

ನಿಜವಾದ ಪೆಟ್ಟು ಬಿದ್ದದ್ದು ವಕೀಲರೊಬ್ಬರ ಬಳಿ ಕೂತಾಗ. ಫ್ಲೆಕ್ಸಿನ ಕಥೆ ಕೇಳಿ ಅವರು ‘ಫೋಟೋ ನಿಮ್ಮದು ಅಂತ ಯಾರು ಹೇಳಿದ್ದು?’ ಅಂದರು. 1957ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ಅವರೇ, ಬೇರೆ ಕರಾರು ಇಲ್ಲದಿದ್ದರೆ. ಎರಡು ಸೀಸನ್ ನಾನು ಬೀಗ ಹಾಕುತ್ತಿದ್ದದ್ದು ಪರರ ಮನೆಗೆ! ತೆಗೆದವನು ತಾನೆಂದು ಹೇಳಿಕೊಳ್ಳುವ ಹಕ್ಕು ಮಾತ್ರ 57ನೇ ಸೆಕ್ಷನ್‌ನಲ್ಲಿ ನನಗೆ ಉಳಿದಿತ್ತು.

ಅಂದಿನಿಂದ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಆರ್ಡರ್ ಫಾರಂಗೆ ಸಹಿ ಹಾಕಿಸುತ್ತೇನೆ. ಅದರಲ್ಲಿ ಮೂರೇ ಸಾಲು. ಒಂದು, ಕಾಪಿರೈಟ್ ಸ್ಟುಡಿಯೋದ್ದು. ಎರಡು, ಮನೆಯವರು ಎಷ್ಟು ಬೇಕಾದರೂ ಪ್ರಿಂಟ್ ಹಾಕಿಸಬಹುದು, ಹಂಚಬಹುದು, ಆದರೆ ವ್ಯಾಪಾರದ ಜಾಹೀರಾತಿಗೆ ಸ್ಟುಡಿಯೋದ ಲಿಖಿತ ಒಪ್ಪಿಗೆ ಬೇಕು. ಮೂರು, ಸ್ಟುಡಿಯೋ ತನ್ನ ಪ್ರಚಾರಕ್ಕೆ ಫೋಟೋ ಬಳಸಬಹುದು. ಮಿಕ್ಕ ಉಪಾಯಗಳು ಕಳ್ಳನನ್ನು ತಡೆಯಲು ನೋಡಿದವು, ಇದು ಮನೆಯವರನ್ನು ನನ್ನ ಕಡೆ ಮಾಡಿತು. ಕಳೆದ ವರ್ಷ ಸೀರೆ ಅಂಗಡಿಯವರು ಫೋಟೋ ಕೇಳಿದಾಗ ಮದುಮಗಳೇ ಅವರನ್ನು ನನ್ನ ಹತ್ತಿರ ಕಳಿಸಿದಳು. ಅವಳ ಒಪ್ಪಿಗೆಯನ್ನೂ ಬರೆಸಿಕೊಂಡು 4,000 ರೂಪಾಯಿ ಬಿಲ್ ಹಾಕಿದೆ. ಈ ಉಪಾಯಗಳಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳುವುದು ಈ ಹಾಳೆಯನ್ನೇ.

ಒಬ್ಬ ತಾಯಿ ಮಾತ್ರ ಕನ್ನಡಕ ಏರಿಸಿ ಪೂರ್ತಿ ಓದಿದರು. ‘ನಿಮ್ಮ ಹಕ್ಕು ನಿಮಗಿರಲಿ, ಹುಡುಗಿ ಮುಖ ನಮ್ಮದಲ್ವಾ?’ ಅಂತ ಮೂರನೇ ಸಾಲಿನ ಮೇಲೆ ಗೀಟು ಎಳೆದು ಸಹಿ ಹಾಕಿದರು. ಮುಂದಿನ ಸಲ ಫಾರಂ ಅಚ್ಚು ಹಾಕಿಸುವಾಗ ಆ ಸಾಲಿನ ಪಕ್ಕ ‘ಹೌದು’, ‘ಬೇಡ’ ಅಂತ ಎರಡು ಚೌಕ ಸೇರಿಸಿದೆ. ಈ ತಿಂಗಳ ಮೂರು ಮದುವೆಯಲ್ಲಿ ಎರಡು ಮನೆಯವರು ‘ಬೇಡ’ಕ್ಕೇ ಗುರುತು ಹಾಕಿದ್ದಾರೆ.