ಬಿ.ಎಡ್. ಇಂಟರ್ನ್‌ಶಿಪ್ ಸೆಟ್: ಐದು ಪುಸ್ತಕದಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು?

ಮೈಸೂರು, ಮಂಡ್ಯದ ಬಿ.ಎಡ್. ಕಾಲೇಜುಗಳ ಅಕ್ಕಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ‘ಇಂಟರ್ನ್‌ಶಿಪ್ ಸೆಟ್ ಕೊಡಿ’ ಅಂದರೆ ಸಾಕು, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಕೌಂಟರ್ ಮೇಲೆ ಬಂದು ಕೂರುತ್ತದೆ. ಶಾಲೆಗೆ ಹೋಗಿ ಪಾಠ ಮಾಡುತ್ತಾ ಕಲಿಯುವ ಇಂಟರ್ನ್‌ಶಿಪ್ ಅವಧಿಯಲ್ಲಿ ತುಂಬಬೇಕಾದ ಪುಸ್ತಕಗಳ ಕಟ್ಟು ಅದು. ಸಾಮಾನ್ಯವಾಗಿ ಅದರಲ್ಲಿ ಐದು ಪುಸ್ತಕ: ಪಾಠಯೋಜನೆ, ಪಾಠ ವೀಕ್ಷಣೆ, ದಿನಚರಿ, ಘಟಕ ಪರೀಕ್ಷೆ, ವ್ಯಕ್ತಿ ಅಧ್ಯಯನ (ಒಂದು ಮಗುವಿನ ಕೇಸ್ ಸ್ಟಡಿ). ಮುದ್ರಕರು ಬೇರೆ, ರಟ್ಟಿನ ಬಣ್ಣ ಬೇರೆ, ಒಳಗಿನ ನಮೂನೆ ಮಾತ್ರ ಅಣ್ಣತಮ್ಮಂದಿರ ಮುಖದ ಹಾಗೆ. ಆದ್ದರಿಂದ ಇದು ಯಾವುದೋ ಒಂದು ಕಂಪನಿಯ ವಿಮರ್ಶೆಯಲ್ಲ, ಆ ಇಡೀ ಕಟ್ಟಿನದು. ಮೊದಲೇ ಹೇಳಿಬಿಡುವುದಾದರೆ, ಈ ಪುಸ್ತಕಗಳು ತಯಾರಾಗಿರುವುದು ವೈವಾ (ಮೌಖಿಕ ಪರೀಕ್ಷೆ) ಮೇಜಿಗೆ, ತರಗತಿಯ ಮೇಜಿಗಲ್ಲ. ಐದರಲ್ಲಿ ಎರಡನ್ನು ಕೊಳ್ಳಬಹುದು, ಎರಡನ್ನು ತಿದ್ದಿಕೊಂಡು ಬಳಸಬಹುದು, ಒಂದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಪುಟದ ಲೆಕ್ಕ ಮೊದಲು. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) 2014ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಎಡ್.ನಲ್ಲಿ ಶಾಲೆಯೊಡನೆ ಕನಿಷ್ಠ 20 ವಾರದ ಒಡನಾಟ ಇರಬೇಕು, ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ವಾರಕ್ಕೆ ಆರು ದಿನದಂತೆ 16 ವಾರ ಎಂದರೆ 96 ದಿನ. ಹಬ್ಬ, ಭಾನುವಾರಕ್ಕೆ ತಗುಲಿದ ರಜೆ ಕಳೆದರೂ 80ರ ಆಸುಪಾಸು ಉಳಿಯುತ್ತದೆ. ದಿನಚರಿಯಲ್ಲಿ 40 ಪುಟ ಮಾತ್ರ ಇದ್ದರೆ ಅದು ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ನಮ್ಮ ಕಡೆ ದಸರಾ ರಜೆ ಬೇರೆ ನಡುವೆ ಬರುತ್ತದೆ. ಅದರ ಮುಂಚಿನ ದಿನಗಳು ಸಂಕಲನಾತ್ಮಕ (ಅರ್ಧವರ್ಷದ) ಪರೀಕ್ಷೆಗೆ ಹೋಗಿರುತ್ತವೆ, ಆಗ ಪೀರಿಯಡ್ ಸಿಗುವುದಿಲ್ಲ. ಘಟಕವನ್ನು ರಜೆಗೆ ಮೊದಲೇ ಮುಗಿಸುವ ಹಾಗೆ ದಿನಾಂಕ ಹಾಕಿಕೊಳ್ಳದವರು ಅರ್ಧ ಪಾಠ ಈಚೆ, ಅರ್ಧ ಪಾಠ ಆಚೆ ಇಟ್ಟುಕೊಂಡು, ರಜೆ ಮುಗಿದ ಮೇಲೆ ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತದೆ.

ಪಾಠಯೋಜನೆ ಪುಸ್ತಕವೇ ಸೆಟ್ಟಿನ ಜೀವ, ತೊಂದರೆ ಹೆಚ್ಚಿರುವುದೂ ಅದರಲ್ಲೇ. ಎ4 ಹಾಳೆಯ ಅಗಲ 21 ಸೆಂ.ಮೀ. ಅಂಚು ಬಿಟ್ಟರೆ ಬರೆಯಲು ಸಿಗುವುದು ಸುಮಾರು 18. ಅದನ್ನು ಬೋಧನಾಂಶ, ಕಲಿಕಾ ಫಲ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿ ಚಟುವಟಿಕೆ, ಮೌಲ್ಯಮಾಪನ ಎಂದು ಐದು ಕಂಬ ಮಾಡಿದರೆ ಒಂದೊಂದಕ್ಕೆ ಮೂರೂವರೆ ಸೆಂ.ಮೀ. ಕನ್ನಡದ ಕೈಬರಹದಲ್ಲಿ ‘ಪ್ರಯೋಗಾಲಯದಲ್ಲಿ’ ಎಂಬ ಒಂದೇ ಪದಕ್ಕೆ ಅಷ್ಟು ಬೇಕು. ಜಾಗ ಇಲ್ಲದ್ದರಿಂದ ವಿದ್ಯಾರ್ಥಿ ಚಟುವಟಿಕೆಯ ಕಂಬದಲ್ಲಿ ಎಲ್ಲರೂ ಬರೆಯುವುದು ಒಂದೇ ವಾಕ್ಯ: ‘ಗಮನವಿಟ್ಟು ಆಲಿಸುವರು’. ನಲವತ್ತು ನಿಮಿಷ ಆಲಿಸುವ ಮಕ್ಕಳು ಯಾವ ಊರಲ್ಲಿದ್ದಾರೋ! ಶಾಲೆಯಲ್ಲಿ ನಿಮ್ಮ ಪಾಠ ನೋಡುವ ಮಾರ್ಗದರ್ಶಿ ಶಿಕ್ಷಕರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು ಇಲ್ಲಿಯೇ. ಎದುರುಬದುರಿನ ಎರಡು ಪುಟಗಳನ್ನು ಸೇರಿಸಿ ಒಂದೇ ಕೋಷ್ಟಕ ಮಾಡಿರುವ ಪುಸ್ತಕಗಳೂ ಸಿಗುತ್ತವೆ. ಕೊಳ್ಳುವುದಾದರೆ ಅದನ್ನೇ ಕೇಳಿ.

ಇನ್ನೊಂದು ಗೊಂದಲ ಪಾಠದ ಹಂತಗಳದು. ಕೆಲವು ಪುಸ್ತಕಗಳಲ್ಲಿ ಇನ್ನೂ ಜರ್ಮನ್ ಶಿಕ್ಷಣತಜ್ಞ ಹರ್ಬಾರ್ಟ್‌ನ ಅನುಯಾಯಿಗಳ ಐದು ಹಂತ ಅಚ್ಚಾಗಿದೆ, ಕೆಲವದರಲ್ಲಿ ಜ್ಞಾನ ಸಂರಚನಾವಾದದ (ಮಕ್ಕಳೇ ತಮ್ಮ ಅರಿವನ್ನು ಕಟ್ಟಿಕೊಳ್ಳುತ್ತಾರೆ ಎನ್ನುವ ವಾದ) 5ಇ: ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಎರಡನ್ನೂ ಬೆರೆಸಿದ ಪುಸ್ತಕವೂ ಇದೆ, ಅದನ್ನು ಮುಟ್ಟಬೇಡಿ. ನಿಮ್ಮ ಕಾಲೇಜು ಕೊಟ್ಟ ನಮೂನೆಯ ಒಂದು ಪ್ರತಿ ಕೈಯಲ್ಲಿ ಹಿಡಿದು, ಅಂಗಡಿಯಲ್ಲಿ ಪುಟ ತೆರೆದು ಹೋಲಿಸಿಯೇ ದುಡ್ಡು ಕೊಡಿ.

ಯಾವ ಪುಸ್ತಕದಲ್ಲೂ ಇಲ್ಲದ ಕಂಬ ಎಂದರೆ ಸಮಯದ್ದು. ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದು ನೀವೇ ಮಾಡಿಕೊಳ್ಳಬೇಕು. 40 ನಿಮಿಷದ ಪೀರಿಯಡ್ಡಿಗೆ ಹಾಜರಿ ಮತ್ತು ಮಕ್ಕಳು ಕೂತು ಸುಮ್ಮನಾಗಲು 3, ವಿಷಯ ಪ್ರವೇಶಕ್ಕೆ 5, ಪಾಠದ ಬೆಳವಣಿಗೆಗೆ 22, ಮೌಲ್ಯಮಾಪನಕ್ಕೆ 6, ಮನೆಗೆಲಸ ಬರೆಸಲು 4. ಕೆಡುವುದು ಬಹುತೇಕ ವಿಷಯ ಪ್ರವೇಶದಲ್ಲಿ. ಕತೆ, ಚಿತ್ರ, ಹಾಡು ಎಂದು 5 ನಿಮಿಷ 15 ಆಗುತ್ತದೆ, ಕೊನೆಯ ಪ್ರಶ್ನೆ ಕೇಳುವಾಗ ಗಂಟೆ ಹೊಡೆಯುತ್ತದೆ. ಪ್ರವೇಶಕ್ಕೆ ಒಂದು ಗಟ್ಟಿ ಪ್ರಶ್ನೆ ಸಾಕು. ಮಂಡ್ಯದ ಹಳ್ಳಿ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಮಿಶ್ರಣಗಳ ಬೇರ್ಪಡಿಸುವಿಕೆ ಮಾಡುವಾಗ ‘ಆಲೆಮನೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಾ ಕಾಯುತ್ತಾ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ?’ ಎಂದು ಕೇಳಿದರೆ ಆವಿಯಾಗುವಿಕೆ ಮಕ್ಕಳ ಬಾಯಿಂದಲೇ ಬರುತ್ತದೆ. ಪುಸ್ತಕದ ಹಿಂಬದಿಯಲ್ಲಿ ಅಚ್ಚಾದ ಮಾದರಿ ಪಾಠದಲ್ಲಿ ಸಮುದ್ರದ ಉಪ್ಪು ಇರುತ್ತದೆ. ಅದನ್ನೇ ನಕಲು ಮಾಡಿದರೆ ಮಕ್ಕಳಿಗೆ ಸಮುದ್ರದ ಪರಿಚಯ ಮಾಡಿಕೊಡುವ ಕೆಲಸವೂ ನಿಮ್ಮ ತಲೆಗೆ ಬರುತ್ತದೆ.

ಕಾಗದದ ಬಗ್ಗೆ ಒಂದು ಮಾತು. 60 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಹಾಳೆಯಾದರೆ ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿಯುತ್ತದೆ, 70ಕ್ಕೆ ಕಡಿಮೆ ಬೇಡ. ಬೆನ್ನಿಗೆ ಅಂಟು ಹಾಕಿದ್ದಕ್ಕಿಂತ ಹೊಲಿದ ಬೈಂಡಿಂಗ್ ವಾಸಿ, ಮೇಜಿನ ಮೇಲೆ ಬಿಡಿಸಿಟ್ಟರೆ ತಾನೇ ಮುಚ್ಚಿಕೊಳ್ಳುವುದಿಲ್ಲ.

ಪಾಠ ವೀಕ್ಷಣೆ ಪುಸ್ತಕ ಸೆಟ್ಟಿನಲ್ಲೇ ಉತ್ತಮವಾದದ್ದು. ವಿಷಯ ಪ್ರವೇಶ, ಪ್ರಶ್ನಿಸುವಿಕೆ, ಪುನರ್ಬಲನ (ಉತ್ತರಿಸಿದವರನ್ನು ಮೆಚ್ಚಿ ಹುರಿದುಂಬಿಸುವುದು), ಕಪ್ಪುಹಲಗೆಯ ಬಳಕೆ, ಹೀಗೆ ಅಂಶವಾರು ಗುರುತು ಹಾಕಲು ಜಾಗವಿದೆ, ಕೆಳಗೆ ನಾಲ್ಕು ಸಾಲು ಟಿಪ್ಪಣಿಗೂ. ದುರುಪಯೋಗವಾಗುವುದು ಸಹಪಾಠಿಗಳ ಪಾಠ ನೋಡುವಾಗ. ಸ್ನೇಹಕ್ಕೆ ಎಲ್ಲರಿಗೂ ‘ಉತ್ತಮ’. ಅದರ ಬದಲು ಎಣಿಸಿ: ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಮಕ್ಕಳು ಉತ್ತರಿಸಿದರು, ಹಿಂದಿನ ಬೆಂಚಿಗೆ ಎಷ್ಟು ಬಂತು. ‘14 ಪ್ರಶ್ನೆ, 11 ಮುಂದಿನ ಎರಡು ಸಾಲಿಗೆ’ ಎಂಬ ಟಿಪ್ಪಣಿ ಹತ್ತು ‘ಉತ್ತಮ’ಕ್ಕಿಂತ ಗೆಳೆಯರಿಗೆ ಉಪಕಾರ. ಮಾರ್ಗದರ್ಶಿ ಶಿಕ್ಷಕರ ಸಹಿ ಪಾಠ ಮುಗಿದ ದಿನವೇ ಆಗಬೇಕು. ತಿಂಗಳ ಕೊನೆಗೆ ಇಪ್ಪತ್ತು ಪುಟಕ್ಕೆ ಒಟ್ಟಿಗೆ ಸಹಿ ಕೇಳಿದರೆ ಅವರಿಗೂ ಕಷ್ಟ, ಹೇಳಬೇಕಾದ ಮಾತೂ ಮರೆತಿರುತ್ತದೆ.

ಘಟಕ ಪರೀಕ್ಷೆಯದನ್ನು ಕೊಳ್ಳಬಹುದು, ನೀಲನಕ್ಷೆಯ (ಯಾವ ಪಾಠಾಂಶಕ್ಕೆ, ಯಾವ ಉದ್ದೇಶಕ್ಕೆ ಎಷ್ಟು ಅಂಕ ಎಂಬ ಹಂಚಿಕೆ) ಕೋಷ್ಟಕ ಕೈಯಲ್ಲಿ ಎಳೆಯುವ ಶ್ರಮ ತಪ್ಪುತ್ತದೆ. ಆದರೆ ಶೇಕಡಾವಾರು ಅಂಕಿಗಳನ್ನು ಮೊದಲೇ ಅಚ್ಚು ಹಾಕಿದ್ದರೆ ನಂಬಬೇಡಿ. 25 ಅಂಕದ ಪರೀಕ್ಷೆಗೆ ಸ್ಮರಣೆ 5, ತಿಳುವಳಿಕೆ 10, ಅನ್ವಯ 7, ಕೌಶಲ 3 ಎಂದಿಟ್ಟುಕೊಂಡರೆ ಅದು ಕ್ರಮವಾಗಿ ಶೇ. 20, 40, 28, 12. ಅಡ್ಡ ಕೂಡಿದರೂ ಉದ್ದ ಕೂಡಿದರೂ 25 ಬರಬೇಕು. ಪ್ರಶ್ನೆಪತ್ರಿಕೆ ಮೊದಲು ಬರೆದು ನೀಲನಕ್ಷೆಯನ್ನು ಆಮೇಲೆ ತುಂಬಿಸುವವರ ಕೋಷ್ಟಕ ಇಲ್ಲಿ ಸಿಕ್ಕಿಬೀಳುತ್ತದೆ. ಅಂಕ ಕೊಟ್ಟ ಮೇಲೆ ಪ್ರಶ್ನೆವಾರು ತಪ್ಪುಗಳನ್ನು ಬರೆಯುವ ಪುಟ ಅದರಲ್ಲಿಲ್ಲ, ಒಂದು ಹಾಳೆ ಅಂಟಿಸಿ. 40 ಮಕ್ಕಳಲ್ಲಿ 25 ಮಂದಿ ಒಂದೇ ಪ್ರಶ್ನೆಯಲ್ಲಿ ಎಡವಿದ್ದರೆ ಪ್ರಶ್ನೆಯ ಭಾಷೆ ನೋಡಿ, ಅದು ಸರಿಯಿದ್ದರೆ ಆ ಭಾಗವನ್ನು ಮತ್ತೆ ಕಲಿಸಿ. ಬರೀ ಸ್ತಂಭಾಲೇಖ ಬಿಡಿಸಿ ಬಣ್ಣ ತುಂಬಿದರೆ ಮಕ್ಕಳಿಗೇನೂ ಸಿಗುವುದಿಲ್ಲ.

ದಿನಚರಿ ಪುಸ್ತಕ ಬೆಳಗಿನ ಪ್ರಾರ್ಥನೆ, ಬಿಸಿಯೂಟ, ಆಟೋಟ, ಎಲ್ಲದಕ್ಕೂ ಗೆರೆ ಕೊಟ್ಟಿದೆ. ಕೊಡದಿರುವುದು ಖಾಲಿ ಪೀರಿಯಡ್ಡಿಗೆ. ಶಿಕ್ಷಕರು ರಜೆ ಹಾಕಿದಾಗ ‘ಟ್ರೈನಿಂಗ್‌ನವರು ಇದಾರಲ್ಲ, ಅವರನ್ನ ಕಳಿಸಿ’ ಎಂಬ ಮಾತು ಎಲ್ಲ ಶಾಲೆಯಲ್ಲೂ ಇದ್ದದ್ದೇ. ಹೋಗಬಾರದು ಅಂತಲ್ಲ, ಆದರೆ ಪ್ರಶಿಕ್ಷಣಾರ್ಥಿ ಬಂದಿರುವುದು ಮಾರ್ಗದರ್ಶಿಯ ಕಣ್ಣಳತೆಯಲ್ಲಿ ಕಲಿಯಲು, ಖಾಲಿ ಹುದ್ದೆ ತುಂಬಲು ಅಲ್ಲ. ಯಾವ ತರಗತಿ, ಎಷ್ಟನೇ ಪೀರಿಯಡ್, ಏನು ಮಾಡಿದಿರಿ ಎಂದು ಬರೆದಿಡಿ. ವಾರಕ್ಕೆ ಐದಾರು ದಾಟಿದರೆ ಕಾಲೇಜಿನ ಮೇಲ್ವಿಚಾರಕರಿಗೆ ತೋರಿಸಲು ಆಗ ಆಧಾರ ಇರುತ್ತದೆ. ‘ಪ್ರತಿಫಲನ’ ಎಂಬ ಎರಡು ಸಾಲಿನ ಜಾಗ ತೀರಾ ಕಡಿಮೆ, ಎಡಪುಟವನ್ನು ಅದಕ್ಕೇ ಬಿಡಿ. ನಾಳೆ ಬದಲಿಸುವ ಒಂದೇ ಒಂದು ಸಂಗತಿ ಬರೆದರೂ ಸಾಕು.

ಇನ್ನು ವ್ಯಕ್ತಿ ಅಧ್ಯಯನದ ಪುಸ್ತಕ, ಬಿಟ್ಟು ಬರಬೇಕಾದದ್ದು ಇದೇ. ಮಗುವಿನ ಪೂರ್ಣ ಹೆಸರು, ತಂದೆಯ ಉದ್ಯೋಗ, ಜಾತಿ, ಆದಾಯ, ಮೇಲೆ ಫೋಟೊ ಅಂಟಿಸುವ ಚೌಕ. ನಂತರ ‘ಸಮಸ್ಯೆಯ ಸ್ವರೂಪ’. ಈ ಪುಸ್ತಕ ಕಾಲೇಜು, ವೈವಾ, ಸ್ಟಾಫ್ ರೂಮು, ಎಲ್ಲ ಸುತ್ತಿ ಬರುತ್ತದೆ. ಓದಲು ಹಿಂದುಳಿದ ಏಳನೇ ತರಗತಿಯ ಹುಡುಗನ ಮನೆಯ ಗುಟ್ಟು ಮೂವತ್ತು ಜನರ ಕೈಗೆ ಸಿಗುವುದು ಯಾವ ನ್ಯಾಯ? ಸಾದಾ ನೋಟ್‌ಬುಕ್ಕಿನಲ್ಲಿ ‘ವಿದ್ಯಾರ್ಥಿ ಅ’ ಎಂದು ಬರೆಯಿರಿ, ಫೋಟೊ ಬೇಡ. ಮಕ್ಕಳ ಫೋಟೊ, ವಿಡಿಯೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವುದೂ ಇದೇ ಬಗೆಯ ತಪ್ಪು. ಅಂದ ಹಾಗೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ‘ನಾನಿನ್ನೂ ಟ್ರೈನಿಂಗ್‌ನಲ್ಲಿದ್ದೇನೆ’ ಎಂದು ಅದರಿಂದ ಜಾರಿಕೊಳ್ಳಲಾಗದು. ತರಗತಿ ಕೈಮೀರಿದರೆ ಬೆತ್ತ ಹುಡುಕದೆ ಮಾರ್ಗದರ್ಶಿಯನ್ನು ಕರೆಯಿರಿ. ಇಷ್ಟನ್ನು ಯಾವ ಮುದ್ರಕನೂ ಒಳರಟ್ಟಿನ ಮೇಲೆ ಅಚ್ಚು ಹಾಕಿಲ್ಲ, ಅಲ್ಲಿ ಈಗಿರುವುದು ಮಗ್ಗಿಪಟ್ಟಿ.

ಅಂಗಡಿಯವರು ಬಿಡಿಯಾಗಿ ಕೊಡಲು ಮೊದಲು ಮುಖ ಸಿಂಡರಿಸುತ್ತಾರೆ. ಇಬ್ಬರು ಮೂವರು ಸಹಪಾಠಿಗಳು ಒಟ್ಟಿಗೆ ಹೋಗಿ ವೀಕ್ಷಣೆ ಮತ್ತು ಘಟಕ ಪರೀಕ್ಷೆ ಪುಸ್ತಕಗಳನ್ನು, ತಿದ್ದಿಕೊಂಡು ಬಳಸುವುದಾದರೆ ಪಾಠಯೋಜನೆ, ದಿನಚರಿಯನ್ನೂ ಬಿಡಿಯಾಗಿ ಕೇಳಿ, ಕಟ್ಟು ಬಿಚ್ಚುತ್ತಾರೆ.