ಕಮ್ಯುನಿಟಿ ಕಾಲೇಜಿನ ಖರ್ಚು ಹೇಳುವ ಎರಡು ಕ್ಯಾಲ್ಕುಲೇಟರ್‌ಗಳು: ಯಾವುದನ್ನು ಎಷ್ಟು ನಂಬಬಹುದು?

ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ (ಮುಖ್ಯವಾಗಿ ಎರಡು ವರ್ಷಗಳ ಕೋರ್ಸುಗಳ ಸ್ಥಳೀಯ ಸರ್ಕಾರಿ ಕಾಲೇಜು) ಓದಲು ವರ್ಷಕ್ಕೆ ಎಷ್ಟು ಖರ್ಚಾಗುತ್ತದೆ, ಅದರಲ್ಲಿ ಎಷ್ಟು ಧನಸಹಾಯವಾಗಿ ಸಿಗುತ್ತದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ಅಂದಾಜು ಮಾಡಿಕೊಳ್ಳಲು ಕುಟುಂಬಗಳಿಗೆ ಎರಡು ಉಚಿತ ಸಾಧನಗಳಿವೆ. ಒಂದು, ಆಯಾ ಕಾಲೇಜಿನ ಜಾಲತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್. ಇನ್ನೊಂದು, ಫೆಡರಲ್ ಶಿಕ್ಷಣ ಇಲಾಖೆಯ ಸ್ಟೂಡೆಂಟ್ ಏಡ್ ಎಸ್ಟಿಮೇಟರ್. ನಮ್ಮ ಮನೆಯಲ್ಲಿ ಈ ಲೆಕ್ಕದ ಅಗತ್ಯ ಬಿದ್ದುದರಿಂದ ಎರಡನ್ನೂ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕಾಲೇಜುಗಳ ಮಟ್ಟಿಗೆ ಕೂತು ಪರಿಶೀಲಿಸಿದ್ದೇನೆ. ಎರಡನೆಯದು ಕೊಡುವ ಉತ್ತರವನ್ನು ಬಹುಮಟ್ಟಿಗೆ ನೆಚ್ಚಿಕೊಳ್ಳಬಹುದು. ಮೊದಲನೆಯದರ ಕೊನೆಯ ಸಾಲನ್ನು ಮಾತ್ರ ಯಾರೂ ಹಾಗೆಯೇ ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಕಾಲೇಜುಗಳು ತಾವಾಗಿ ಕೊಟ್ಟ ಸೌಲಭ್ಯವಲ್ಲ. 2008ರ ಉನ್ನತ ಶಿಕ್ಷಣ ಅವಕಾಶ ಕಾಯಿದೆಯ ಪ್ರಕಾರ 2011ರ ಅಕ್ಟೋಬರ್ ಅಂತ್ಯದೊಳಗೆ ಕಾಲೇಜುಗಳು ಅದನ್ನು ತಮ್ಮ ಜಾಲತಾಣದಲ್ಲಿ ಇಡಲೇಬೇಕಾಯಿತು. ಸ್ವಂತ ಕ್ಯಾಲ್ಕುಲೇಟರ್ ಕಟ್ಟಿಕೊಳ್ಳದ ಕಾಲೇಜುಗಳಿಗಾಗಿ ಶಿಕ್ಷಣ ಇಲಾಖೆ ಒಂದು ಸಿದ್ಧ ಮಾದರಿಯನ್ನೂ ಒದಗಿಸಿತು. ಆ ಮಾದರಿಯಲ್ಲಿ ಕೇಳುವ ಪ್ರಶ್ನೆಗಳು ಕೆಲವೇ: ವಯಸ್ಸು, ವಾಸ ಎಲ್ಲಿ, ರಾಜ್ಯದ ನಿವಾಸಿಯೇ ಅಲ್ಲವೇ, ಮನೆಯಲ್ಲಿ ಎಷ್ಟು ಜನ, ವಾರ್ಷಿಕ ಆದಾಯ ಯಾವ ಶ್ರೇಣಿಯದು. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಶುಲ್ಕ, ಊಟ ಮತ್ತು ವಸತಿ, ಪುಸ್ತಕ, ಇತರ ಖರ್ಚು ಎಂದು ಕೂಡಿಸಿ, ಅದರಿಂದ ಮರಳಿಸಬೇಕಿಲ್ಲದ ಅನುದಾನಗಳನ್ನು ಕಳೆದು, ಕೊನೆಗೆ ದಪ್ಪಕ್ಷರದಲ್ಲಿ ಒಂದು ಮೊತ್ತ ಕಾಣಿಸಿಕೊಳ್ಳುತ್ತದೆ.

ತೊಡಕು ಇರುವುದು ಆ ಮೊತ್ತದಲ್ಲೇ. ಕ್ಯಾಲಿಫೋರ್ನಿಯಾದ ಸೆಮಿಸ್ಟರ್ ಪದ್ಧತಿಯ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ 2012ರಿಂದ ಯೂನಿಟ್ (ಪಾಠದ ಪ್ರಮಾಣದ ಅಳತೆ) ಒಂದಕ್ಕೆ 46 ಡಾಲರ್ ಶುಲ್ಕವಿದೆ. ಪೂರ್ಣಾವಧಿ ವಿದ್ಯಾರ್ಥಿ ವರ್ಷಕ್ಕೆ 30 ಯೂನಿಟ್ ತೆಗೆದುಕೊಂಡರೆ 1,380 ಡಾಲರ್ ಆಗುತ್ತದೆ. ಕ್ಯುಪರ್ಟಿನೋದ ಡಿ ಆಂಜಾ ಕಾಲೇಜಿನಂಥ ಕ್ವಾರ್ಟರ್ ಪದ್ಧತಿಯ (ವರ್ಷದ ಓದನ್ನು ಎರಡರ ಬದಲು ಮೂರು ಅವಧಿಗಳಾಗಿ ಹಂಚುವ) ಕಾಲೇಜಿನಲ್ಲಿ ಯೂನಿಟ್‌ಗೆ 31 ಡಾಲರ್. 45 ಯೂನಿಟ್‌ಗೆ 1,395 ಡಾಲರ್. ಇದರ ಮೇಲೆ ಆರೋಗ್ಯ ಶುಲ್ಕ, ಪಾರ್ಕಿಂಗ್ ಮುಂತಾದ ಚಿಲ್ಲರೆ ಬಾಬ್ತುಗಳು ಸೇರುತ್ತವೆ. ಶುಲ್ಕ ಇಷ್ಟೇ ಆದರೂ ಕ್ಯಾಲ್ಕುಲೇಟರ್‌ನ ಕೊನೆಯ ಸಾಲು ಇದರ ಹಲವು ಪಟ್ಟು ತೋರಿಸುವುದುಂಟು, ಏಕೆಂದರೆ ಬೇ ಏರಿಯಾದ ಬಾಡಿಗೆ, ಊಟ, ಓಡಾಟಗಳ ಅಂದಾಜೆಲ್ಲ ಅದರೊಳಗೆ ಅಡಗಿರುತ್ತದೆ. ತಂದೆತಾಯಿಯ ಮನೆಯಲ್ಲೇ ಇದ್ದು ಓದುವ ಮಗ ಕಾಲೇಜಿಗೆ ಹೋದರೂ ಹೋಗದಿದ್ದರೂ ಊಟ ಮಾಡುತ್ತಾನೆ. ಆ ಊಟದ ಖರ್ಚನ್ನು ಕಾಲೇಜಿನ ಬೆಲೆ ಎಂದು ಓದಿಕೊಂಡು ಗಾಬರಿಯಾದವರನ್ನು ನಾನು ಕಂಡಿದ್ದೇನೆ. ಹಾಗಾಗಿ ವಾಸದ ಪ್ರಶ್ನೆಗೆ ‘ತಂದೆತಾಯಿಯೊಂದಿಗೆ’ ಎಂಬ ಉತ್ತರವನ್ನೇ ಆರಿಸಿ, ಫಲಿತಾಂಶದಲ್ಲಿ ಶುಲ್ಕ ಮತ್ತು ಪುಸ್ತಕದ ಸಾಲುಗಳನ್ನು ಬೇರೆಯಾಗಿ ಬರೆದಿಟ್ಟುಕೊಂಡು, ಉಳಿದುದಕ್ಕೆ ಮನೆಯ ನಿಜವಾದ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಎರಡನೆಯ ಕೊರತೆ ಇನ್ನೂ ಆಳದ್ದು. ಈ ಕ್ಯಾಲ್ಕುಲೇಟರ್ ತೋರಿಸುವ ಅನುದಾನ, ಹಿಂದಿನ ಒಂದು ವರ್ಷದಲ್ಲಿ ಮೊದಲ ಬಾರಿಗೆ ಕಾಲೇಜು ಸೇರಿದ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಸಿಕ್ಕ ಹಣವನ್ನು ಆಧರಿಸಿದೆ. ಕಮ್ಯುನಿಟಿ ಕಾಲೇಜಿನಲ್ಲಾದರೋ ಕೆಲಸ ಮಾಡುತ್ತ ಎರಡು ಮೂರು ವಿಷಯಗಳನ್ನಷ್ಟೇ ತೆಗೆದುಕೊಳ್ಳುವವರು, ಹತ್ತು ವರ್ಷ ಬಿಟ್ಟು ಮತ್ತೆ ಓದಲು ಬಂದವರು ದೊಡ್ಡ ಸಂಖ್ಯೆಯಲ್ಲಿರುತ್ತಾರೆ. ಅವರಿಗೆ ಇಲ್ಲಿ ಉತ್ತರವೇ ಇಲ್ಲ. ನಾನು ನೋಡಿದ ಒಂದು ಕಾಲೇಜಿನ ಪುಟದಲ್ಲಂತೂ ಯಾವ ವರ್ಷದ ಅಂಕಿಗಳು ಎಂಬುದನ್ನು ಪುಟದ ತಳದಲ್ಲಿ ಹುಡುಕಿ ತೆಗೆಯಬೇಕಾಯಿತು. ವರ್ಷ ನೋಡುವುದು ಮುಖ್ಯ, ಏಕೆಂದರೆ 2024-25ರಲ್ಲಿ ಧನಸಹಾಯದ ಸೂತ್ರವೇ ಬದಲಾಗಿದೆ. ಅದಕ್ಕೆ ಮುಂಚೆ ಮನೆಯಲ್ಲಿ ಇಬ್ಬರು ಒಟ್ಟಿಗೆ ಕಾಲೇಜಿನಲ್ಲಿದ್ದರೆ ತಂದೆತಾಯಿಯ ಪಾಲು ಹಂಚಿಹೋಗುತ್ತಿತ್ತು. ಈಗ ಆ ರಿಯಾಯಿತಿ ಇಲ್ಲ. ಹಳೆಯ ಅಂಕಿಗಳ ಮೇಲೆ ನಿಂತ ಕ್ಯಾಲ್ಕುಲೇಟರ್ ಇಂಥ ಮನೆಗಳಿಗೆ ಹುಸಿ ಭರವಸೆ ಕೊಡಬಹುದು.

ಫೆಡರಲ್ ಎಸ್ಟಿಮೇಟರ್ ಇದಕ್ಕಿಂತ ಶಿಸ್ತಿನ ಸಾಧನ. ಲಾಗಿನ್ ಬೇಕಿಲ್ಲ, ಹೆಸರು ಹೇಳಬೇಕಿಲ್ಲ. ಆದರೆ ತೆರಿಗೆಯ ಕಾಗದಗಳನ್ನು ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು, ಏಕೆಂದರೆ ಇಲ್ಲಿ ಬೇಕಿರುವುದು ಆದಾಯದ ಶ್ರೇಣಿಯಲ್ಲ, ನಿಖರ ಅಂಕಿಗಳು. ಅದು ಕೊಡುವ ಮುಖ್ಯ ಉತ್ತರ ಸ್ಟೂಡೆಂಟ್ ಏಡ್ ಇಂಡೆಕ್ಸ್, ಅಂದರೆ ಎಸ್‌ಎಐ: ಕುಟುಂಬದ ಆರ್ಥಿಕ ಶಕ್ತಿಯನ್ನು ಅಳೆಯುವ ಅಂಕಿ. ಜೊತೆಗೆ ಪೆಲ್ ಗ್ರಾಂಟ್‌ನ, ಅಂದರೆ ಅಗತ್ಯವಿರುವವರಿಗೆ ಫೆಡರಲ್ ಸರ್ಕಾರ ಕೊಡುವ ಮರಳಿಸಬೇಕಿಲ್ಲದ ಅನುದಾನದ, ಅಂದಾಜು. ಎಸ್‌ಎಐ ಸೊನ್ನೆಗಿಂತಲೂ ಕೆಳಗಿಳಿದು ಮೈನಸ್ 1,500ರವರೆಗೆ ಹೋಗಬಹುದು. 2025-26ರಲ್ಲಿ ಪೂರ್ಣ ಪೆಲ್ ಗ್ರಾಂಟ್ 7,395 ಡಾಲರ್. ಎಸ್‌ಎಐ 3,000 ಬಂದರೆ ಅದನ್ನು ಕಳೆದು 4,395 ಡಾಲರ್ ಉಳಿಯುತ್ತದೆ. ಅರೆಕಾಲಿಕ ವಿದ್ಯಾರ್ಥಿಗಳು ಇದಕ್ಕೆ ಇನ್ನೊಂದು ಹೆಜ್ಜೆಯನ್ನು ತಾವೇ ಸೇರಿಸಿಕೊಳ್ಳಬೇಕು: ಒಂದು ಸೆಮಿಸ್ಟರ್‌ಗೆ 12 ಯೂನಿಟ್‌ಗಳನ್ನು ಪೂರ್ಣವೆಂದು ಹಿಡಿದು, ಆರು ಯೂನಿಟ್ ತೆಗೆದುಕೊಂಡವರಿಗೆ ಅರ್ಧ, ಏಳು ಯೂನಿಟ್‌ನವರಿಗೆ ಶೇಕಡ 58 ಎಂಬ ಪ್ರಮಾಣದಲ್ಲಿ ಗ್ರಾಂಟ್ ಇಳಿಯುತ್ತದೆ.

ಕನ್ನಡ ಕುಟುಂಬಗಳು ಎಡವಬಹುದಾದ ಜಾಗ ಆಸ್ತಿಯ ಪ್ರಶ್ನೆ. ವಾಸದ ಸ್ವಂತ ಮನೆ ಲೆಕ್ಕಕ್ಕಿಲ್ಲ, 401(ಕೆ) ಯಂಥ ನಿವೃತ್ತಿ ನಿಧಿಯೂ ಇಲ್ಲ. ಆದರೆ ಬೆಂಗಳೂರಿನಲ್ಲಿ ಕೊಂಡಿಟ್ಟ ಸೈಟು, ಬಾಡಿಗೆಗೆ ಕೊಟ್ಟ ಮೈಸೂರಿನ ಫ್ಲಾಟು ಹೂಡಿಕೆಗಳಾಗಿ ಲೆಕ್ಕಕ್ಕೆ ಬರುತ್ತವೆ. ಆಸ್ತಿ ಪರದೇಶದಲ್ಲಿದೆ ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಅವುಗಳ ಇಂದಿನ ಬೆಲೆಯಿಂದ ಸಾಲ ಕಳೆದು, ಉಳಿದುದನ್ನು ಡಾಲರ್‌ಗೆ ಪರಿವರ್ತಿಸಿ ಬರೆಯಬೇಕು. ತಂದೆತಾಯಿಯ ಆಸ್ತಿಯಲ್ಲಿ ಹೆಚ್ಚೆಂದರೆ ಶೇಕಡ 5.64ರಷ್ಟು ಎಸ್‌ಎಐಗೆ ಸೇರುತ್ತದೆ. ವಿದ್ಯಾರ್ಥಿಯ ಹೆಸರಿನಲ್ಲಿರುವ ಉಳಿತಾಯದಲ್ಲಿ ಶೇಕಡ 20. ಮಗಳ ಹೆಸರಿಗೆ ಅಜ್ಜಿ ಇಟ್ಟ ಠೇವಣಿ ಇಲ್ಲಿ ದುಬಾರಿಯಾಗುವುದು ಹೀಗೆ.

ಎಸ್‌ಎಐ ಕೈಗೆ ಬಂದ ಮೇಲೆ ಅಗತ್ಯದ ಲೆಕ್ಕ ಸುಲಭ: ಕಾಲೇಜು ಪ್ರಕಟಿಸಿರುವ ಒಟ್ಟು ವಾರ್ಷಿಕ ಖರ್ಚಿನಿಂದ ಎಸ್‌ಎಐ ಕಳೆದರೆ ಉಳಿಯುವುದೇ ಅಗತ್ಯ. ಮೇಲೆ ನಾನು ದೂರಿದ ಆ ಊಟ-ಬಾಡಿಗೆಯ ದೊಡ್ಡ ಮೊತ್ತ ಇಲ್ಲಿ ಮಾತ್ರ ಕುಟುಂಬದ ಪರವಾಗಿ ಕೆಲಸ ಮಾಡುತ್ತದೆ. ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ಮನೆಯಲ್ಲಿದ್ದು ಓದುವ ವಿದ್ಯಾರ್ಥಿಗೆ ಕಾಲೇಜು 20,000 ಡಾಲರ್ ಖರ್ಚು ನಿಗದಿ ಮಾಡಿದೆ, ಎಸ್‌ಎಐ 9,000 ಬಂದಿದೆ ಎನ್ನಿ. ಪೆಲ್ ಗ್ರಾಂಟ್ ಸಿಗುವುದಿಲ್ಲ, ಎಸ್ಟಿಮೇಟರ್ ಅಲ್ಲಿಗೆ ಮಾತು ಮುಗಿಸುತ್ತದೆ, ನೋಡಿದವರು ‘ನಮಗೇನೂ ಇಲ್ಲ’ ಎಂದು ಪುಟ ಮುಚ್ಚುತ್ತಾರೆ. ವಾಸ್ತವದಲ್ಲಿ ಅವರ ಅಗತ್ಯ 11,000 ಡಾಲರ್. ರಾಜ್ಯದ ಶುಲ್ಕ ಮನ್ನಾ ಯೋಜನೆಯಾದ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್‌ನ ‘ಸಿ’ ವಿಧಾನದಲ್ಲಿ ಕನಿಷ್ಠ 1,104 ಡಾಲರ್ ಅಗತ್ಯ ಕಂಡುಬಂದರೆ ಸಾಕು, ಯೂನಿಟ್‌ಗೆ 46 ಡಾಲರ್‌ನ ಶುಲ್ಕ ಪೂರ್ತಿ ಮನ್ನಾ ಆಗುತ್ತದೆ. ಇದಲ್ಲದೆ ಮೊದಲ ಬಾರಿಗೆ ಸೇರುವ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಎರಡು ವರ್ಷ ಆದಾಯ ನೋಡದೆ ಶುಲ್ಕ ಬಿಡುವ ಯೋಜನೆಯನ್ನು ಅನೇಕ ಕಾಲೇಜುಗಳು ನಡೆಸುತ್ತಿವೆ; ಅದಕ್ಕೂ ಫಾಫ್ಸಾ, ಅಂದರೆ ಫೆಡರಲ್ ಧನಸಹಾಯದ ಅರ್ಜಿ, ಸಲ್ಲಿಸಿರಬೇಕು. ರಾಜ್ಯದ ಈ ಸಹಾಯಗಳ ಹೆಸರನ್ನೂ ಫೆಡರಲ್ ಎಸ್ಟಿಮೇಟರ್ ಎತ್ತುವುದಿಲ್ಲ. ಅದರ ಅತಿ ದೊಡ್ಡ ನ್ಯೂನತೆ ಇದೇ.

ಎಚ್-1ಬಿ ವೀಸಾದಲ್ಲಿರುವವರಿಗೆ ಪ್ರತ್ಯೇಕವಾಗಿ ಒಂದು ಮಾತು. ಅವರ ಕುಟುಂಬದವರಿಗೆ ಸಿಗುವ ಎಚ್-4 ವೀಸಾದ ಮಕ್ಕಳು ಫೆಡರಲ್ ಧನಸಹಾಯಕ್ಕೆ ಅರ್ಹರಲ್ಲ, ಗ್ರೀನ್ ಕಾರ್ಡ್ ಸರದಿಯಲ್ಲಿ ಎಷ್ಟೇ ವರ್ಷ ಕಾದಿದ್ದರೂ ಅಲ್ಲ. ಆದ್ದರಿಂದ ಕ್ಯಾಲ್ಕುಲೇಟರ್ ತೋರಿಸುವ ಪೆಲ್ ಮೊತ್ತವನ್ನು ಅವರು ಹೊಡೆದುಹಾಕಿಯೇ ಲೆಕ್ಕ ಮಾಡಬೇಕು. ಸಮಾಧಾನದ ಸಂಗತಿಯೆಂದರೆ, ಕ್ಯಾಲಿಫೋರ್ನಿಯಾದಲ್ಲಿ ಎಚ್-4ನವರೂ ಒಂದು ವರ್ಷಕ್ಕೂ ಮೇಲ್ಪಟ್ಟು ನೆಲೆಸಿ, ಇಲ್ಲೇ ಇರುವ ಉದ್ದೇಶವನ್ನು ದಾಖಲೆಗಳಿಂದ ತೋರಿಸಿದರೆ ಶುಲ್ಕದ ಮಟ್ಟಿಗೆ ನಿವಾಸಿಗಳೆನಿಸಬಹುದು. ಆಗ ಹೊರಗಿನವರ ದುಬಾರಿ ದರ ತಪ್ಪುತ್ತದೆ. ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನ ನಿವಾಸಿ ಪ್ರಶ್ನೆಗೆ ವೀಸಾ ನೋಡಿ ‘ಅಲ್ಲ’ ಎಂದು ಉತ್ತರಿಸುವ ಮೊದಲು ಕಾಲೇಜಿನ ಪ್ರವೇಶ ಕಚೇರಿಯನ್ನು ಕೇಳಿಕೊಳ್ಳಿ.

ಎರಡೂ ಸಾಧನಗಳು ಆದಾಯ ತೆರಿಗೆಯ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಅನ್ನು ಲೆಕ್ಕಕ್ಕೆ ತರುವುದಿಲ್ಲ. ಮೊದಲ 2,000 ಡಾಲರ್ ಖರ್ಚಿಗೆ ಪೂರ್ತಿ, ನಂತರದ 2,000ಕ್ಕೆ ಕಾಲು ಭಾಗ, ಹೀಗೆ ಗರಿಷ್ಠ 2,500 ಡಾಲರ್ ತೆರಿಗೆಯಲ್ಲಿ ಕಡಿತವಾಗುತ್ತದೆ. ದಂಪತಿಯ ಜಂಟಿ ಆದಾಯ 1,60,000 ಡಾಲರ್ ದಾಟಿದ ಮೇಲೆ ಇದು ಕ್ರಮೇಣ ಇಳಿಯುತ್ತದೆ. ಕಮ್ಯುನಿಟಿ ಕಾಲೇಜಿನ ಶುಲ್ಕ, ಪುಸ್ತಕ ಸೇರಿದರೂ ಬಹುಪಾಲು ಈ ಮೊದಲ ಮೆಟ್ಟಿಲಿನೊಳಗೇ ಬರುವುದರಿಂದ, ಶುಲ್ಕ ಮನ್ನಾ ಸಿಗದ ಮಧ್ಯಮ ವರ್ಗಕ್ಕೆ ಇದೇ ನಿಜವಾದ ಸಹಾಯ.

ಅಂಕ ಕೊಡುವುದಾದರೆ ಫೆಡರಲ್ ಎಸ್ಟಿಮೇಟರ್‌ಗೆ ಐದರಲ್ಲಿ ನಾಲ್ಕು, ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ಗೆ ಎರಡೂವರೆ. ಕೆಲಸ ಕಳೆದುಕೊಂಡವರು ಮಾತ್ರ ಎರಡರ ಉತ್ತರವನ್ನೂ ಬದಿಗಿಡಬೇಕು. 2025-26ರ ಫಾಫ್ಸಾ ನೋಡುವುದು 2023ರ ಆದಾಯವನ್ನು. ಆ ವರ್ಷ ಒಳ್ಳೆಯ ಸಂಬಳವಿದ್ದು ಆಮೇಲೆ ಲೇಆಫ್ ಆದವರ ಎಸ್‌ಎಐ ಅವರ ಇಂದಿನ ಸ್ಥಿತಿಗೆ ಏನೇನೂ ಹೊಂದುವುದಿಲ್ಲ. ಅವರು ಹಳೆಯ ಅಂಕಿಗಳಿಂದಲೇ ಫಾಫ್ಸಾ ಸಲ್ಲಿಸಿ, ನಂತರ ಲೇಆಫ್ ಪತ್ರ ಮತ್ತು ಈಗಿನ ಆದಾಯದ ದಾಖಲೆಗಳೊಂದಿಗೆ ಕಾಲೇಜಿನ ಧನಸಹಾಯ ಕಚೇರಿಗೆ ಮರುಪರಿಶೀಲನೆಯ ಕೋರಿಕೆ ಸಲ್ಲಿಸಬೇಕು. ಪ್ರಕರಣವನ್ನು ನೋಡಿ ಅಂಕಿಗಳನ್ನು ತಿದ್ದುವ ಅಧಿಕಾರವನ್ನು ಕಾನೂನು ಆ ಕಚೇರಿಗೆ ಕೊಟ್ಟಿದೆ.