ಹನ್ನೊಂದು ಮಳೆಗಾಲ ಕಂಡ ಜಿಪ್ಸಿ: ಮೂಡಿಗೆರೆ ತೋಟದಿಂದ ಒಂದು ವಿಮರ್ಶೆ

2014ರ ಬೇಸಿಗೆಯಲ್ಲಿ ಈ ಮಾರುತಿ ಜಿಪ್ಸಿ ಕೊಂಡಾಗ ಅದಕ್ಕೆ ಎಂಟು ವರ್ಷ ತುಂಬಿತ್ತು, ಮೀಟರಿನಲ್ಲಿ 62,000 ಕಿಲೋಮೀಟರ್ ಇತ್ತು. 2006ರ ಎಂಜಿ413ಡಬ್ಲ್ಯೂ ಮಾದರಿ, ಬಟ್ಟೆ ಹುಡ್ಡಿನದು, 1.3 ಲೀಟರ್ ಪೆಟ್ರೋಲ್ ಎಂಜಿನ್. ಈಗ ಮೀಟರ್ 1,38,000 ದಾಟಿದೆ. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಎರಡೂವರೆ ಕಿಲೋಮೀಟರ್ ಮಣ್ಣುದಾರಿ. ನಡುವೆ ಒಂದು ಹಳ್ಳ, ಹಳ್ಳದಾಚೆ ಕೆಂಪುಮಣ್ಣಿನ ಜಾರುವ ಏರು. ಗೊಬ್ಬರದ ಚೀಲ, ಕಾಫಿ ಮೂಟೆ, ಶಾಲೆಗೆ ಹೋಗುವ ಮಕ್ಕಳು, ಹುಷಾರು ತಪ್ಪಿದಾಗ ಅಮ್ಮ, ಎಲ್ಲರೂ ಈ ಗಾಡಿಯಲ್ಲೇ ಆ ಏರು ಹತ್ತಬೇಕು. ಹಾಗಾಗಿ ನನ್ನ ಅಳತೆಗೋಲು ಒಂದೇ: ಜುಲೈ ತಿಂಗಳ ನಡುರಾತ್ರಿ ಕೀ ತಿರುಗಿಸಿದರೆ ಗಾಡಿ ಹೊರಡಬೇಕು, ಹೋದ ಮೇಲೆ ವಾಪಸ್ ಬರಬೇಕು.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಜಿಪ್ಸಿ ನಮ್ಮ ದೇಶದಲ್ಲಿ 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂತು. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್, 2000ದಲ್ಲಿ ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ (ಎಂಪಿಎಫ್ಐ) ಹದಿನಾರು ವಾಲ್ವಿನ ಎಂಜಿನ್ ಬಂದವು. 2019ರಲ್ಲಿ ತಯಾರಿಕೆಯೇ ನಿಂತಿತು. ಅಷ್ಟು ವರ್ಷ ಒಳಗಿನ ಲೆಕ್ಕಾಚಾರ ಹೆಚ್ಚು ಬದಲಾಗಲಿಲ್ಲ: ಏಣಿಯಂಥ ಚಾಸಿಸ್, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್, ಬೇಕಾದಾಗ ಮಾತ್ರ ಹಾಕುವ ಫೋರ್‌ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ. ತೂಕ ಒಂದು ಟನ್ನಿನ ಆಸುಪಾಸು. 10, 12, 14, 17, 19ರ ಸ್ಪ್ಯಾನರ್ ಇದ್ದರೆ ಅಡಿಭಾಗದ ಮುಕ್ಕಾಲು ಪಾಲು ಬಿಚ್ಚಬಹುದು. ಈ ಗಾಡಿಯ ಅತಿದೊಡ್ಡ ಗುಣ ನನ್ನ ಪಾಲಿಗೆ ಇದೇ. ಕೆಟ್ಟರೆ ಮನೆಯ ಶೆಡ್ಡಿನಲ್ಲಿ ನನ್ನ ಕೈಯಿಂದಲೇ ಸರಿಹೋಗುತ್ತದೆ.

ಮೊದಲ ಎರಡು ವರ್ಷ ನಾನು ಹಣ ಹಾಕಿದ್ದು ಕಣ್ಣಿಗೆ ಕಾಣುವುದಕ್ಕೆ. ಗಾಡಿ ನನ್ನನ್ನು ಕೈಬಿಟ್ಟದ್ದೆಲ್ಲ ಕಣ್ಣಿಗೆ ಕಾಣದ ಕಡೆ ನೀರು ಹೊಕ್ಕು ಎಣ್ಣೆ ಸೋರಿದ್ದರಿಂದ. ಆ ಸಂಗತಿ ಅರ್ಥವಾಗಲು ಮೂರು ಮಳೆಗಾಲ ಬೇಕಾಯಿತು.

2015ರ ಅಕ್ಟೋಬರಿನಲ್ಲಿ ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಎರಡೂ ಚಕ್ರಕ್ಕೆ ಎಳೆತ ಹಂಚುವ ಗೇರುಗಳ ಗುಂಡು) ಎಣ್ಣೆ ಬದಲಿಸಲು ಬೋಲ್ಟ್ ಬಿಚ್ಚಿದೆ. ಕೆಳಗಿಟ್ಟ ಬಾಣಲಿಗೆ ಸುರಿದದ್ದು ಹಾಲು ಹೆಚ್ಚಾದ ಕಾಫಿಯ ಬಣ್ಣದ ದ್ರವ. ನಾಲ್ಕು ತಿಂಗಳು ದಿನಕ್ಕೆರಡು ಸಲ ಹಳ್ಳ ದಾಟಿದ್ದರ ಫಲ. ಕಾರಣ ಸರಳ. ಓಡಿದ ಗಾಡಿಯ ಆಕ್ಸಲ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ತಣ್ಣನೆ ಹಳ್ಳಕ್ಕೆ ಇಳಿದ ಕೂಡಲೇ ಆ ಗಾಳಿ ಕುಗ್ಗುತ್ತದೆ, ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳುತ್ತದೆ. ಆಕ್ಸಲ್ ಮೇಲೆ ಗಾಳಿಯಾಡಲು ಇರುವ ಪುಟ್ಟ ರಂಧ್ರ, ಬ್ರೀದರ್, ಆಗ ನೀರಿನೊಳಗೇ ಇದ್ದರೆ ಅದೇ ದಾರಿಯಲ್ಲಿ ನೀರು ಬರುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ಅಂಚಿನಿಂದ ಬರುತ್ತದೆ. ಆ ಎಣ್ಣೆಯಲ್ಲೇ ಓಡಿಸಿದರೆ ಬೇರಿಂಗ್ ತುಕ್ಕು ಹಿಡಿದು, ಕೊನೆಗೆ ಕ್ರೌನ್ ಮತ್ತು ಪಿನಿಯನ್ ಗೇರುಗಳು ಕೂಗಲು ಶುರುಮಾಡುತ್ತವೆ.

ಮದ್ದು ಅಗ್ಗ. ಎರಡೂ ಆಕ್ಸಲ್ಲಿನ ಬ್ರೀದರ್ ತೆಗೆದು ಅಲ್ಲಿ ಹೋಸ್ ಕೂರುವ ನಿಪ್ಪಲ್ ಹಾಕಿದೆ. ಮುಂದಿನ ಪೈಪನ್ನು ಬಾನೆಟ್ಟಿನೊಳಗೆ ಎತ್ತರಕ್ಕೆ, ಹಿಂದಿನದನ್ನು ಟೇಲ್ ಲೈಟಿನ ಹಿಂಬದಿಗೆ ಒಯ್ದು, ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದೆ. ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಪೈಪಿಗೆ ಸಾಕಷ್ಟು ಸಡಿಲ ಬಿಡಬೇಕು. ಸೈಲೆನ್ಸರಿನಿಂದ ದೂರ ಇರಬೇಕು, ನಡುವೆ ಎಲ್ಲೂ ಮಡಚಿಕೊಳ್ಳಬಾರದು. ಒಂದು ಮಧ್ಯಾಹ್ನದ ಕೆಲಸ, 400 ರೂಪಾಯಿಯೂ ಆಗಲಿಲ್ಲ. ಆಮೇಲಿನ ಯಾವ ಅಕ್ಟೋಬರಿನಲ್ಲೂ ಆ ಬಣ್ಣದ ಎಣ್ಣೆ ಕಾಣಲಿಲ್ಲ. ಹನ್ನೊಂದು ವರ್ಷದಲ್ಲಿ ಮಾಡಿದ ಬದಲಾವಣೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೋ ಎಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ.

ಎರಡನೇ ಪಾಠ ಸ್ಟೀರಿಂಗಿನದು. 2016ರಲ್ಲಿ 55 ಕಿಲೋಮೀಟರ್ ವೇಗ ದಾಟಿ ಒಂದು ಗುಂಡಿಗೆ ಬಿದ್ದರೆ ಸಾಕು, ಸ್ಟೀರಿಂಗ್ ಎರಡೂ ಕಡೆ ಹೊಡೆದುಕೊಳ್ಳುತ್ತಿತ್ತು. ಬ್ರೇಕ್ ಹಿಡಿದು ನಿಲ್ಲಿಸುವವರೆಗೂ ಬಿಡುತ್ತಿರಲಿಲ್ಲ. ಮಕ್ಕಳನ್ನು ಕೂರಿಸಿಕೊಂಡಿದ್ದಾಗ ಒಮ್ಮೆ ಹೀಗಾಗಿ ನನ್ನ ಕೈ ಅರ್ಧ ಗಂಟೆ ನಡುಗುತ್ತಿತ್ತು. ದೂರದೂರಿನ ಒಂದು ಅಂಗಡಿಯವರು ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅದುರನ್ನು ಹೀರುವ ಶಾಕ್) ಬದಲಿಸಿದರೆ ಮುಗಿಯಿತು ಎಂದು ದುಬಾರಿ ಡ್ಯಾಂಪರ್ ಕೂರಿಸಿ ಕಳಿಸಿದರು. ಮೂರು ತಿಂಗಳು ಅಡಗಿದ್ದ ನಡುಕ ಮತ್ತೆ ಬಂತು. ಆಗ ನಮ್ಮೂರಿನ ಹಳೇ ಲಾರಿ ಮೇಸ್ತ್ರಿಯೊಬ್ಬರು ಮುಂದಿನ ಚಕ್ರ ಎತ್ತಿಸಿ, ಮೇಲೆ ಕೆಳಗೆ ಕೈಯಿಟ್ಟು ಅಲುಗಿಸಿ ನೋಡಿದರು. "ಡ್ಯಾಂಪರ್ ಅಲ್ಲ ಗೌಡ್ರೇ, ಕಿಂಗ್‌ಪಿನ್ ಬೇರಿಂಗ್ ಹೋಗಿದೆ. ಡ್ಯಾಂಪರ್ ಅದನ್ನ ಮುಚ್ಚಿಟ್ಟಿತ್ತು ಅಷ್ಟೇ."

ಅವರ ಪಕ್ಕ ಕೂತು ಎಡಗಡೆಯದನ್ನು ನೋಡಿ ಕಲಿತೆ, ಬಲಗಡೆಯದನ್ನು ನಾನೇ ಮಾಡಿದೆ. ಜಿಪ್ಸಿಯ ಮುಂದಿನ ನಕಲ್, ಅಂದರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು, ಒಂದು ಮುಚ್ಚಿದ ಗುಂಡು. ಅದರೊಳಗೆ ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಬೇರಿಂಗ್, ಹಿಂಬದಿಗೆ ರಬ್ಬರ್ ಮತ್ತು ಫೆಲ್ಟ್ ಸೀಲು. ಸೀಲು ಸವೆದರೆ ಕೆಸರುನೀರು ಒಳಗೆ ಹೋಗುತ್ತದೆ. ಆಕ್ಸಲ್ಲಿನ ಒಳಸೀಲೂ ಹೋದರೆ ಡಿಫರೆನ್ಷಿಯಲ್ ಎಣ್ಣೆ ಬಂದು ಗ್ರೀಸಿನೊಂದಿಗೆ ಬೆರೆತು, ಕಪ್ಪು ಅಂಬಲಿಯಂತೆ ಚಕ್ರದ ಒಳಬದಿಗೆ ಇಳಿಯುತ್ತದೆ. ನನ್ನ ಗಾಡಿಯಲ್ಲಿ ಎರಡೂ ಆಗಿತ್ತು. ಬೇರಿಂಗ್ ಹಾಕಿದ ಮೇಲೆ ಬಿಗಿ ಹೊಂದಿಸುವ ತೆಳು ತಗಡು, ಶಿಮ್, ಸರಿಯಾಗಿ ಕೂರಿಸುವುದೇ ಮುಖ್ಯ. ಸೀಲು ಹಾಕುವ ಮೊದಲು ನಕಲ್ ತೋಳಿನ ತುದಿಗೆ ಕಾಳುಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಎಳೆದು ನೋಡಿದೆವು. ಒಂದೂವರೆ ಕೆ.ಜಿ. ಸುಮಾರಿನ ಎಳೆತಕ್ಕೆ ಅದು ತಿರುಗಬೇಕು. ಸಡಿಲವಾದರೆ ನಡುಕ ವಾಪಸ್ ಬರುತ್ತದೆ, ಬಿಗಿಯಾದರೆ ಸ್ಟೀರಿಂಗ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ನನ್ನ ಗಾಡಿ ಮೊದಲೇ ಭಾರ. ಆ ರಿಪೇರಿಯ ನಂತರ ನಡುಕ ಒಮ್ಮೆಯೂ ಬಂದಿಲ್ಲ. ಸೀಲುಗಳನ್ನು ಮಾತ್ರ ಮತ್ತೆರಡು ಸಲ ಬದಲಿಸಿದ್ದೇನೆ.

ಇನ್ನು ಕಣ್ಣಿಗೆ ಕಾಣುವ ಬದಲಾವಣೆಗಳು. ಟೈರು: ಕಂಪನಿಯದು 205/70 ಆರ್15, ನಾನು ಹಾಕಿದ್ದು 215/75 ಆರ್15 ಮಡ್ ಟೈರ್. ಟೈರಿನ ಎತ್ತರ ಸುಮಾರು 35 ಮಿ.ಮೀ. ಹೆಚ್ಚುತ್ತದೆ, ಅಂದರೆ ಆಕ್ಸಲ್ ನೆಲದಿಂದ 17 ಮಿ.ಮೀ.ಯಷ್ಟು ಮೇಲೇರುತ್ತದೆ. ಹಳ್ಳದ ಕಲ್ಲುಗಳ ನಡುವೆ ಈ ಹದಿನೇಳು ಮಿ.ಮೀ. ದೊಡ್ಡದು. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತದೆ, ಡಾಂಬರಿನ ಮೇಲೆ ಗುಂಯ್‌ಗುಡುತ್ತದೆ, ಲೀಟರಿಗೆ ಹನ್ನೊಂದು ಕೊಡುತ್ತಿದ್ದದ್ದು ಹತ್ತಕ್ಕಿಳಿಯಿತು. ಒಳ್ಳೆ ಟೈರಿಗಿಂತ ಹೆಚ್ಚು ಕೆಲಸ ಮಾಡಿದ್ದು ಗಾಳಿ ಇಳಿಸುವುದು. ಏರಿನ ಬುಡದಲ್ಲಿ ಟೈರಿನ ಒತ್ತಡವನ್ನು 18 ಪಿಎಸ್ಐಗೆ ಇಳಿಸಿದರೆ ಚಕ್ರ ಕೆಸರನ್ನು ಹಿಡಿದುಕೊಂಡು ಹತ್ತುತ್ತದೆ. ಡಾಂಬರು ಸಿಕ್ಕಿದಾಗ ಮತ್ತೆ ತುಂಬಬೇಕು, ಅದಕ್ಕೆ ಬ್ಯಾಟರಿಗೆ ಸಿಕ್ಕಿಸುವ ಪಂಪ್ ಸೀಟಿನಡಿ ಇದೆ. ಡಾಂಬರು ಸಿಕ್ಕಿದೊಡನೆ ಫೋರ್‌ವೀಲನ್ನೂ ತೆಗೆಯಬೇಕು. ಹಿಂದಿನ ಮತ್ತು ಮುಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲದ ಗಾಡಿ ಇದು. ಗಟ್ಟಿ ರಸ್ತೆಯ ತಿರುವಿನಲ್ಲಿ ಹಲ್ಲುಗಳೆಲ್ಲ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ.

ಗಾಡಿ ಎತ್ತರಿಸಲು ಉದ್ದನೆ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಸ್ಸಿಗೆ ತೂಗುಹಾಕುವ ಕೊಂಡಿ) ಹಾಕಿದ್ದು ತಪ್ಪಾಯಿತು. ನೋಡಲು ಚೆಂದ ಇತ್ತು. ಆದರೆ ಮುಂದಿನ ಚಕ್ರದ ಕೀಲಿನ ಓರೆ (ಕ್ಯಾಸ್ಟರ್) ಬದಲಾಗಿ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದನ್ನು ಬಿಟ್ಟಿತು. ಆಕ್ಸಲ್ಲಿಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ಅದರ ತುದಿಯ ಕೀಲು (ಕ್ರಾಸ್) ಬೇಗ ಸವೆಯಿತು. ಏಳು ತಿಂಗಳಿಗೆ ಬಿಚ್ಚಿಟ್ಟೆ. ಬದಲಿಗೆ ನಾಲ್ಕೂ ಲೀಫ್ ಸ್ಪ್ರಿಂಗ್ ಇಳಿಸಿ, ಪ್ಲೇಟು ಪ್ಲೇಟು ಬೇರ್ಪಡಿಸಿ, ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಗ್ರ್ಯಾಫೈಟ್ ಗ್ರೀಸ್ ಹಚ್ಚಿ, ಬುಷ್‌ಗಳನ್ನೆಲ್ಲ ಹೊಸದು ಹಾಕಿದೆ. ತುಕ್ಕಿನಿಂದ ಅಂಟಿಕೊಂಡಿದ್ದ ಪ್ಲೇಟುಗಳು ಜಾರತೊಡಗಿದ ಮೇಲೆ ಅಮ್ಮ ಹಿಂದಿನ ಸೀಟಿನಲ್ಲಿ ಸೊಂಟ ಹಿಡಿದುಕೊಳ್ಳುವುದು ಕಡಿಮೆಯಾಯಿತು. ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಯು-ಬೋಲ್ಟ್ ಬಿಗಿದ ಮೇಲೆ ಇನ್ನೂರು ಮುನ್ನೂರು ಕಿಲೋಮೀಟರಿಗೆ ಇನ್ನೊಮ್ಮೆ ಬಿಗಿಯುವುದನ್ನು ಮರೆಯಬೇಡಿ. ಸಡಿಲ ಬಿಟ್ಟರೆ ಪ್ಲೇಟುಗಳನ್ನು ಹಿಡಿದಿರುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ.

ಕಾನೂನಿನ ಮಾತೂ ಇಲ್ಲೇ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ ಮೂಲ ಲಕ್ಷಣಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಮುಂದೆ ಹಾಕುವ ಕಬ್ಬಿಣದ ಬುಲ್ ಬಾರ್ ಬಗ್ಗೆ ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಕ್ರಮಕ್ಕೆ ಸೂಚಿಸಿತ್ತು. ಹಿಂದಿನ ಮಾಲೀಕರು ಹಾಕಿಸಿದ್ದನ್ನು ನಾನು ಬಿಚ್ಚಿ ಗುಜರಿಗೆ ಕೊಟ್ಟೆ. ಆ ತೂಕ ಹೋದದ್ದರಿಂದ ಮುಂದಿನ ಸ್ಪ್ರಿಂಗಿಗೂ ಸುಖ. ಕಾಲ್ನಡಿಗೆಯವರಿಗೆ ಬಡಿದರೆ ಪ್ರಾಣವನ್ನೇ ತೆಗೆಯುವ ವಸ್ತು ಅದು. ಹದಿನೈದು ವರ್ಷ ಮುಗಿದ ಮೇಲೆ ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ) ಹೋದಾಗಲೂ ಗಾಡಿ ಮೂಲರೂಪದಲ್ಲಿದ್ದರೆ ತಕರಾರು ಕಡಿಮೆ. ನನ್ನದು 2021ರಲ್ಲಿ ನವೀಕರಣವಾಯಿತು. 2022ರ ಏಪ್ರಿಲ್‌ನಲ್ಲಿ ಕಾರುಗಳ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೇ ಗಾಡಿ ಕೊಳ್ಳುವವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೆಡ್‌ಲೈಟಿಗೆ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿದ್ದು ಚಿಕ್ಕ ಕೆಲಸ, ದೊಡ್ಡ ಲಾಭ. ಬಲ್ಬಿಗೆ ಹೋಗುವ ಕರೆಂಟೆಲ್ಲ ಸ್ಟೀರಿಂಗ್ ಪಕ್ಕದ ಹಳೇ ಸ್ವಿಚ್ಚಿನ ಮೂಲಕ ಸುತ್ತಿ ಬರುವ ಬದಲು ಬ್ಯಾಟರಿಯಿಂದ ಫ್ಯೂಸ್ ದಾಟಿ ನೇರವಾಗಿ ಹೋಗುತ್ತದೆ. ಬಲ್ಬು ಅದೇ, ಬೆಳಕು ಬೇರೆ. ಮಂಜು ಕವಿದ ರಾತ್ರಿ ಎದುರಿನವರ ಕಣ್ಣು ಕುಕ್ಕುವ ಎಲ್ಇಡಿ ಬಾರ್ ನನಗೆ ಬೇಕಾಗಲಿಲ್ಲ. ಪೆಟ್ರೋಲಿಗೆ ಎಥೆನಾಲ್ ಹೆಚ್ಚು ಬೆರೆಸತೊಡಗಿದ ಮೇಲೆ ಹಳೇ ರಬ್ಬರ್ ಹೋಸ್‌ಗಳನ್ನು ನಂಬದೆ 2023ರಲ್ಲಿ ಟ್ಯಾಂಕಿನಿಂದ ಎಂಜಿನ್‌ವರೆಗೆ ಎಲ್ಲವನ್ನೂ ಬದಲಿಸಿದೆ. ತೆಗೆದವುಗಳಲ್ಲಿ ಎರಡು ಬಗ್ಗಿಸಿದರೆ ಬಿರುಕು ಬಿಡುತ್ತಿದ್ದವು. ಟೈಮಿಂಗ್ ಬೆಲ್ಟ್, ಕ್ಲಚ್, ಬ್ರೇಕಿನ ಮಾಸ್ಟರ್ ಸಿಲಿಂಡರ್, ಇವಕ್ಕೆ ನಾನು ಕೈ ಹಾಕುವುದಿಲ್ಲ. ಮೇಸ್ತ್ರಿ ಮಾಡುತ್ತಾರೆ, ನಾನು ಟಾರ್ಚ್ ಹಿಡಿದು ನಿಲ್ಲುತ್ತೇನೆ.

ತುಕ್ಕಿನದು ಮುಗಿಯದ ಜಗಳ. ಮಲೆನಾಡಿನ ಮಳೆಗೆ ಜಿಪ್ಸಿಯ ತಗಡು ತಡೆಯುವುದಿಲ್ಲ, ಈ ಗಾಡಿಯ ಬಗ್ಗೆ ನನ್ನ ದೊಡ್ಡ ದೂರು ಇದೇ. ಬಟ್ಟೆ ಹುಡ್ಡಿನಿಂದ ಇಳಿದ ನೀರು ಮ್ಯಾಟಿನಡಿ ನಿಂತು 2018ರ ಹೊತ್ತಿಗೆ ಚಾಲಕನ ಕಾಲಡಿ ರುಪಾಯಿ ಅಗಲದ ತೂತು ಬಿದ್ದಿತ್ತು. ತಗಡು ಕತ್ತರಿಸಿ ವೆಲ್ಡ್ ಮಾಡಿಸಿದೆ. ಈಗ ಜೂನ್ ಬಂದರೆ ಮ್ಯಾಟನ್ನೇ ತೆಗೆದಿಡುತ್ತೇನೆ, ನೆಲದ ರಬ್ಬರ್ ಬಿರಡೆಗಳನ್ನು ಬಿಚ್ಚಿ ನೀರು ಇಳಿಯಲು ಬಿಡುತ್ತೇನೆ. ಮಳೆ ನಿಂತ ಮೇಲೆ ಚಾಸಿಸ್ಸಿನ ಒಳಗೆ ಹೊರಗೆ ನೀರು ಹೊಡೆದು ಕೆಸರು ತೆಗೆದು, ಒಂದು ವಾರ ಬಿಸಿಲಿಗೆ ಒಣಗಿಸಿ, ರೆಡ್ ಆಕ್ಸೈಡ್ ಬಳಿದು, ಟೊಳ್ಳು ಜಾಗಗಳಿಗೆ ಮೇಣದ ಸ್ಪ್ರೇ ಹೊಡೆಯುತ್ತೇನೆ. ಹಳೇ ಎಂಜಿನ್ ಆಯಿಲ್ ಬಳಿಯಲು ಹೇಳುವವರಿದ್ದಾರೆ. ಅದು ಮೊದಲ ಮಳೆಗೇ ತೊಳೆದು ಹಳ್ಳ ಸೇರುತ್ತದೆ, ಆ ಹಳ್ಳದ ನೀರನ್ನು ಕೆಳಗಿನ ಮನೆಗಳವರು ಬಳಸುತ್ತಾರೆ. ದಯವಿಟ್ಟು ಮಾಡಬೇಡಿ. ನಾನು ಕ್ಯಾನಿನಲ್ಲಿ ಕೂಡಿಟ್ಟು ಪೇಟೆಯಲ್ಲಿ ಕೊಳ್ಳುವವರಿಗೆ ಕೊಡುತ್ತೇನೆ.

ಗಾಡಿಯಡಿ ಮಲಗುವವರಿಗೆ ಒಂದು ಮಾತು. ಒಮ್ಮೆ ಜಾಕ್ ಮಾತ್ರ ನಂಬಿ ಹಿಂದಿನ ಚಕ್ರ ಬಿಚ್ಚಿದ್ದೆ. ಒದ್ದೆ ಮಣ್ಣಿನಲ್ಲಿ ಜಾಕ್ ನಿಧಾನಕ್ಕೆ ಓರೆಯಾಗಿ, ಬ್ರೇಕ್ ಡ್ರಮ್ ನೆಲಕ್ಕೆ ಕೂತಿತು. ಸ್ಪ್ಯಾನರ್ ತರಲು ಹೊರಬಂದ ಎರಡು ನಿಮಿಷದಲ್ಲಿ ಆದದ್ದು. ಅಂದಿನಿಂದ ಜಾಕಿನಡಿ ದಪ್ಪ ಹಲಗೆ, ಚಾಸಿಸ್ಸಿಗೆ ಎರಡು ಸ್ಟ್ಯಾಂಡ್, ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಇಲ್ಲದೆ ಕೆಳಗೆ ತಲೆ ಹಾಕಿಲ್ಲ.

ನೆಂಟರೊಬ್ಬರು 2023ರಲ್ಲಿ ಬಂದ ಮಾರುತಿ ಜಿಮ್ನಿ ತೆಗೆದುಕೊಂಡಿದ್ದಾರೆ. ಕಾಯಿಲ್ ಸ್ಪ್ರಿಂಗ್, ಎಸಿ, ಏರ್‌ಬ್ಯಾಗ್. ಸುಖದಲ್ಲಿ, ಸುರಕ್ಷತೆಯಲ್ಲಿ ಜಿಪ್ಸಿಗೆ ಹೋಲಿಕೆಯೇ ಇಲ್ಲ. ದೂರದ ಪ್ರಯಾಣ ಹೆಚ್ಚಿದ್ದವರು ಅದನ್ನೇ ನೋಡಿ. ಜಿಪ್ಸಿಯೇ ಬೇಕು ಅನ್ನುವವರು ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಹೊಳೆಯುವ ಪೇಂಟ್ ಬಿಟ್ಟು ಮೊದಲು ಮ್ಯಾಟ್ ಎತ್ತಿ. ಮುಂದಿನ ಚಕ್ರದ ಒಳಬದಿಯ ಗುಂಡನ್ನು ಬೆರಳಿನಿಂದ ಸವರಿ, ಕಪ್ಪು ಅಂಬಲಿ ಅಂಟಿದರೆ ಸೀಲಿನ ಖರ್ಚು ಇದೆ. ಡಿಫರೆನ್ಷಿಯಲ್‌ನ ಮೇಲಿನ ಬೋಲ್ಟ್ ಬಿಚ್ಚಲು ಮಾಲೀಕರು ಒಪ್ಪಿದರೆ ಎಣ್ಣೆಯ ಬಣ್ಣ ನೋಡಿ. ಒಪ್ಪದಿದ್ದರೆ ಮುಂದಿನ ಗಾಡಿಗೆ ಹೋಗಿ.